ಇಂಜಿನಿಯರಿಂಗ್ ಓದಿದವರು ಸಂಗೀತ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಮಾಡಬಹುದೇ?

ಉಡುಪಿಯಲ್ಲಿ ಇಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ, ಚೆಂಡೆಯನ್ನೂ ಕಲಿತಿದ್ದೇನೆ ಎಂದಿದ್ದೀರಿ. ಖಂಡಿತ ಮಾಡಬಹುದು. ಆದರೆ ಸ್ಟುಡಿಯೋದ ರೆಕಾರ್ಡಿಂಗ್, ಮಿಕ್ಸಿಂಗ್ ಕಲಿಯುವ ಆಸೆಯಿದ್ದರೆ ಅದು ಬೇರೆಯೇ ದಾರಿ. ನಾನು ಹೇಳುವ ಕೋರ್ಸ್‌ನಲ್ಲಿ ಬಹುಪಾಲು ಸಿಗ್ನಲ್ ಪ್ರೊಸೆಸಿಂಗ್ (ಧ್ವನಿಯನ್ನು ಅಂಕಿಗಳಾಗಿಸಿ ಲೆಕ್ಕಹಾಕುವುದು), ಮೆಷಿನ್ ಲರ್ನಿಂಗ್ (ಉದಾಹರಣೆಗಳಿಂದ ಕಂಪ್ಯೂಟರ್‌ಗೆ ಕಲಿಸುವುದು), ಕೋಡಿಂಗ್.

ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಮಾಸ್ಟರ್ಸ್ ಕೋರ್ಸ್ ಇದೆ. ಅಲ್ಲಿನ ತಂಡ 2011ರಲ್ಲಿ ಶುರುಮಾಡಿದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಕರ್ನಾಟಕ ಸಂಗೀತದ ರಾಗ, ತಾಳಗಳನ್ನೇ ಕಂಪ್ಯೂಟರ್‌ನಲ್ಲಿ ವಿಶ್ಲೇಷಿಸಿದರು. ನಮ್ಮವರಿಗೆ ಇದು ದೊಡ್ಡ ಬಾಗಿಲು. ಧ್ವನಿಯನ್ನು ವಿಶ್ಲೇಷಿಸುವ ಅವರದೇ ಎಸೆನ್ಷಿಯಾ ಸಾಫ್ಟ್‌ವೇರ್ ಉಚಿತ. ಅರ್ಜಿ ಹಾಕುವ ಮೊದಲು ಅದರಲ್ಲಿ ಯಕ್ಷಗಾನ ಭಾಗವತರ ಒಂದು ಪದ್ಯದ ಸ್ವರದ ಏರಿಳಿತದ ಗೆರೆ ತೆಗೆದು ನೋಡಿ. ಚೆಂಡೆ ಜೋರಾದ ಕಡೆ ಗೆರೆ ದಾರಿ ತಪ್ಪಬಹುದು. ಏಕೆ ತಪ್ಪಿತು ಎಂದು ಹುಡುಕತೊಡಗಿದರೆ ನಿಮ್ಮ ಪ್ರಾಜೆಕ್ಟ್ ಅಲ್ಲೇ ಸಿಕ್ಕಂತೆ.