ಹೊಸ ಪಿಸ್ಟನ್ ಹಾಕಿದ್ರೂ ಹಳೇ ಚೈನ್ ಸಾ ಮತ್ತೆ ಸೀಜ್ ಆಗೋದು ಯಾಕೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಊರು ಬೇರೆ, ಮಾಡೆಲ್ ಬೇರೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಜಾಗ ಎಲ್ಲಾ ಅದಕ್ಕೆ ಕೊಡ್ತೀನಿ, ಉಳಿದವಕ್ಕೆ ಕೊನೇಲಿ ಒಂದೆರಡು ಮಾತು ಸಾಕು. ಏರ್ ಫಿಲ್ಟರ್ ತೊಳೆಯೋದು, ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆ ಇರಬೇಕು ಅನ್ನೋದು, ಹಳೇ ಸರ್‌ಕ್ಲಿಪ್ ಮತ್ತೆ ಹಾಕಬಾರದು ಅನ್ನೋದು ನಾನು ಇಲ್ಲಿ ಹೇಳಿಕೊಡಲ್ಲ. ಅಷ್ಟೂ ಗೊತ್ತಿಲ್ದೇ ಇರೋರು ದಯವಿಟ್ಟು ಇಂಜಿನ್ ಬಿಚ್ಚಬೇಡಿ.

ಪ್ರಶ್ನೆ: ಅಪ್ಪನ ಕಾಲದ ಸ್ಟಿಲ್ 070 ಚೈನ್ ಸಾ ಅಟ್ಟದಲ್ಲಿ ಸೀಜ್ ಆಗಿ ಬಿದ್ದಿತ್ತು. ಹೊಸ ಪಿಸ್ಟನ್, ರಿಂಗ್ ಹಾಕಿಸಿದೆ, ಕಾರ್ಬುರೇಟರ್ ಕಿಟ್ ಕೂಡ ಹೊಸದು. ಮೊದಲು ತುಂಬಾ ಚೆನ್ನಾಗಿ ಓಡ್ತು, ಎರಡು ಸಿಲ್ವರ್ ಓಕ್ ಕೊಯ್ಯೋಷ್ಟರಲ್ಲಿ ಮತ್ತೆ ಜಾಮ್. ಪಿಸ್ಟನ್ ಡೂಪ್ಲಿಕೇಟ್ ಇರಬಹುದಾ? ಸಿಲಿಂಡರ್ ಬೋರ್ ಹೊಡೆಸಿ (ಒಳಗೆ ಕೊರೆದು ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿ ಅಂತ ಲೇತಿನವರು ಹೇಳ್ತಿದ್ದಾರೆ. (ಸಕಲೇಶಪುರ ಕಡೆಯ ಬೆಳೆಗಾರರು)

ಉತ್ತರ: ಪಿಸ್ಟನ್ ಡೂಪ್ಲಿಕೇಟೇ ಇರಬಹುದು, ಆದ್ರೆ ಒರಿಜಿನಲ್ ಹಾಕಿದ್ರೂ ಇದೇ ಆಗ್ತಿತ್ತು. ಮೊದಲನೇ ಪಿಸ್ಟನ್ ಯಾಕೆ ಹೋಯ್ತು ಅಂತ ಯಾರೂ ನೋಡ್ಲಿಲ್ಲ, ಕಾರಣ ಒಳಗೇ ಉಳೀತು, ಎರಡನೇದೂ ಅದಕ್ಕೇ ಹೋಯ್ತು. ಸೀಜ್ ಆದ ತಕ್ಷಣ ಪಿಸ್ಟನ್ ತರೋಕೆ ಓಡೋ ಈ ಅಭ್ಯಾಸ ನೋಡಿದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ಯಾಕಂದ್ರೆ ಹೋಗಿರೋ ಪಿಸ್ಟನ್ನೇ ಎಲ್ಲಾ ಹೇಳುತ್ತೆ, ಅದನ್ನ ಗುಜರಿಗೆ ಎಸೆದು ಬಂದು ಆಮೇಲೆ ನನ್ನ ಕೇಳ್ತೀರಿ.

ಎರಡನೇ ಪಿಸ್ಟನ್ ಇನ್ನೂ ಇದ್ರೆ ಬೆಳಕಲ್ಲಿ ಹಿಡಿದು ನೋಡಿ. ಗೀರು ಸೈಲೆನ್ಸರ್ ಕಡೆ ಮಾತ್ರ ಇದ್ಯಾ? ಹಾಗಿದ್ರೆ ಬಿಸಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಇಲ್ಲಾ ಆಯಿಲ್ ಹಾಕೋದೇ ಮರೆತಿದ್ದೀರಿ. ಕಾರ್ಬುರೇಟರ್ ಕಡೆ ಮಾತ್ರ ಉಜ್ಜಿ ಮಂಕಾಗಿದ್ರೆ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ಸುತ್ತಲೂ ಹಿಡಿದಿದ್ರೆ ಇಂಜಿನ್ನೇ ತಣ್ಣಗಾಗ್ತಿಲ್ಲ, ಸಿಲಿಂಡರ್ ಫಿನ್ ಮಧ್ಯೆ ಹೊಟ್ಟು ಆಯಿಲ್ ಸೇರಿ ಗಟ್ಟಿಯಾಗಿ ಕೂತಿರುತ್ತೆ, ಕೆರೆದು ತೆಗೀರಿ. ಇದನ್ನ ನೋಡೋಕೆ ಸಿಲಿಂಡರ್ ಬಿಚ್ಚೋದೂ ಬೇಡ, ಸೈಲೆನ್ಸರ್, ಕಾರ್ಬುರೇಟರ್ ತೆಗೆದು ಎರಡೂ ಕಡೆಯಿಂದ ಟಾರ್ಚ್ ಬಿಟ್ರೆ ಬಹುಪಾಲು ಗೊತ್ತಾಗುತ್ತೆ.

ನಿಮ್ಮದು ಮೊದಲನೇ ತರದ್ದು ಅಂತ ನನ್ನ ಅಂದಾಜು, ಯಾಕಂದ್ರೆ "ತುಂಬಾ ಚೆನ್ನಾಗಿ ಓಡ್ತು" ಅಂತ ನೀವೇ ಬರೆದಿದ್ದೀರಿ. ಲೀನ್ ಆಗಿರೋ, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೇ ಇರೋ ಟೂ ಸ್ಟ್ರೋಕ್ ಇಂಜಿನ್ ಸೀಜ್ ಆಗೋಕೆ ಮುಂಚೆ ಬಹಳ ಚುರುಕಾಗಿ, ಸೌಂಡ್ ಕೂಡ ತೆಳ್ಳಗೆ ಜೋರಾಗಿ ಓಡುತ್ತೆ, ಜನ ಅದನ್ನೇ ಒಳ್ಳೇ ಲಕ್ಷಣ ಅಂದ್ಕೋತಾರೆ. ಎಲ್ಲಿಂದಲೋ ಹೊರಗಿನ ಗಾಳಿ ಕ್ರ್ಯಾಂಕ್ ಕೇಸಿಗೆ (ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗೋ ಕೋಣೆಗೆ) ಸೇರ್ತಾ ಇದೆ. ಗಾಳಿ ಜಾಸ್ತಿ ಆದಷ್ಟು ಪೆಟ್ರೋಲ್ ಪಾಲು ಕಮ್ಮಿ, ಮತ್ತೆ ಇವುಗಳಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜೊತೆ, ಹಾಗಾಗಿ ಬಿಸಿ ಏರೋದೂ ಆಯಿಲ್ ಕಮ್ಮಿ ಆಗೋದೂ ಒಟ್ಟೊಟ್ಟಿಗೇ. ರೇಸ್ ಬಿಟ್ಟ ಮೇಲೂ ಇಂಜಿನ್ ಸ್ಪೀಡ್ ಇಳಿಯೋಕೆ ತಡ ಮಾಡೋದು, ಸ್ಲೋ ಸ್ಪೀಡ್ ಒಂದು ಕಡೆ ನಿಲ್ಲದೇ ಇರೋದು, ಮಿಷನ್ ಪಕ್ಕಕ್ಕೆ ವಾಲಿಸಿದ್ರೆ ಸೌಂಡ್ ಬದಲಾಗೋದು, ಇವೆಲ್ಲ ಅದರದ್ದೇ ಸೂಚನೆ.

ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದ ಮಿಷನ್ನಲ್ಲಿ ಮೊದಲ ಅನುಮಾನ ಕ್ರ್ಯಾಂಕಿನ ಎರಡು ಆಯಿಲ್ ಸೀಲ್ ಮೇಲೆ, ರಬ್ಬರ್ ಒಣಗಿ ಗಟ್ಟಿಯಾಗಿರುತ್ತೆ. ಆಮೇಲೆ ಕಾರ್ಬುರೇಟರ್ ಕೂರೋ ಜಾಗದ ಪ್ಯಾಕಿಂಗ್, ಸಿಲಿಂಡರ್ ಬುಡದ ಪ್ಯಾಕಿಂಗ್. ಅನುಮಾನದ ಮೇಲೆ ಎಲ್ಲಾ ಬದಲಾಯಿಸಬೇಡಿ, ಪ್ರೆಶರ್ ಹಾಕಿ ನೋಡಿ. ಮನೇಲೇ ಆಗುತ್ತೆ. ಸೈಲೆನ್ಸರ್ ತೆಗೆದು ಆ ಬಾಯಿಗೆ ಹಳೇ ಟ್ಯೂಬ್ ತುಂಡು ಇಟ್ಟು ಮತ್ತೆ ಸೈಲೆನ್ಸರ್ ಬಿಗಿಯಿರಿ, ಕಾರ್ಬುರೇಟರ್ ಜಾಗಕ್ಕೆ ಒಂದು ದಪ್ಪ ತಗಡು, ರಬ್ಬರ್ ಸೇರಿಸಿ ಮುಚ್ಚಿ, ಪಿಸ್ಟನ್ ಪೂರ್ತಿ ಕೆಳಗೆ ಇರಲಿ, ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ ಅಲ್ಲಿಂದ ಗಾಳಿ ಕೊಡಿ. ಗಾಳಿಗೆ ಕಂಪ್ರೆಸರ್ ಬೇಡವೇ ಬೇಡ, ಸೀಲ್ ಹಾರಿಹೋಗುತ್ತೆ. ಹಳೇ ಬಿಪಿ ನೋಡೋ ಮಿಷನ್ನಿನ ಬಲ್ಬ್ ಮತ್ತೆ ಡಯಲ್ ಸಾಕು, ಅದು 300ರ ಗೆರೆ ಮುಟ್ಟಿದ್ರೆ ಸುಮಾರು 0.4 ಬಾರ್ ಆಯ್ತು. ಸೋಪಿನ ನೀರು ಬಳಿದು ಎಲ್ಲಿ ಗುಳ್ಳೆ ಬರುತ್ತೆ ನೋಡಿ.

ಇಲ್ಲಿಗೇ ನಿಲ್ಲಿಸಬೇಡಿ, ಬಹಳ ಜನ ಇಲ್ಲೇ ನಿಲ್ಲಿಸೋದು. ಸೀಲಿನ ತುಟಿ ಒಳಗಿಂದ ಒತ್ತಿದ್ರೆ ಶಾಫ್ಟಿಗೆ ಅಂಟಿ ಗಾಳಿ ಹಿಡಿಯುತ್ತೆ, ಎಳೆದಾಗ ಬಿಟ್ಟುಬಿಡುತ್ತೆ. ಅದಕ್ಕೆ ವ್ಯಾಕ್ಯೂಮ್ ಕೂಡ ನೋಡಲೇಬೇಕು, ಗ್ಯಾರೇಜಿನವರು ಬ್ರೇಕ್ ಬ್ಲೀಡ್ ಮಾಡೋ ಕೈ ಪಂಪ್ ತಂದು 0.5 ಬಾರ್ ಎಳೆದು, ಕ್ರ್ಯಾಂಕ್ ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸ್ತಾ 20 ಸೆಕೆಂಡ್ ಕಾಯಿರಿ, ಮುಳ್ಳು 0.3ಕ್ಕಿಂತ ಕೆಳಗೆ ಬಿದ್ರೆ ಸೀಲ್ ಹೋಗಿದೆ. ಬೇರಿಂಗ್ ಅಂಗಡಿಗೆ ಹಳೇ ಸೀಲ್ ತಗೊಂಡು ಹೋದ್ರೆ ಅಳತೆ ನೋಡಿ ಕೊಡ್ತಾರೆ, ವೈಟಾನ್ ರಬ್ಬರಿನದ್ದೇ ಕೇಳಿ, ಬಿಸಿಗೂ ಈಗಿನ ಪೆಟ್ರೋಲಿಗೂ ಅದು ತಡೆಯುತ್ತೆ. ಕ್ಲಚ್ ಕಡೆ ಸೀಲಿಗೆ ಕ್ಲಚ್ ಬಿಚ್ಚಬೇಕು, ಹೆಚ್ಚಿನ ಚೈನ್ ಸಾಗಳಲ್ಲಿ ಅದು ಉಲ್ಟಾ ತ್ರೆಡ್, ಅದನ್ನ ನೋಡ್ಕೊಳ್ಳದೇ ಉಳಿ ಇಟ್ಟು ಸುತ್ತಿಗೇಲಿ ಹೊಡೆಯೋರ ಕೈಗೆ ಮಿಷನ್ ಕೊಡಬೇಡಿ. ಪಿಸ್ಟನ್ ತಡೆಯೋಕೆ ಪ್ಲಗ್ ತೂತಲ್ಲಿ ಸ್ಕ್ರೂಡ್ರೈವರ್ ಅಲ್ಲ, ಹಗ್ಗ ತುಂಬಿ.

ಇನ್ನು ಪೆಟ್ರೋಲ್. ಲೀಕ್ ಏನೂ ಸಿಗ್ಲಿಲ್ಲ ಅಂದ್ರೂ ನಿಮ್ಮ ಮಿಷನ್ ಲೀನ್ ಓಡ್ತಾ ಇರಬಹುದು, ಯಾಕಂದ್ರೆ ಅದರ ಸ್ಕ್ರೂ ಸೆಟ್ಟಿಂಗ್ ಅಪ್ಪನ ಕಾಲದ ಪೆಟ್ರೋಲಿಗೆ ಮಾಡಿದ್ದು, ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ್ದು. ಬರೀ ಪೆಟ್ರೋಲ್ ಒಂದು ಕೆಜಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಅಂದ್ರೆ ಅದೇ ಗಾಳಿಗೆ ಈಗ ಜಾಸ್ತಿ ಇಂಧನ ಕೊಡಬೇಕು. ಕಾರ್ಬುರೇಟರಿನ ಎಚ್ ಸ್ಕ್ರೂ (ಫುಲ್ ರೇಸಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹದ ಮಾಡೋದು) ಪೂರ್ತಿ ಮುಚ್ಚಿ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ಬಿಚ್ಚಿ ಶುರು ಮಾಡಿ, ಖಾಲಿ ಫುಲ್ ರೇಸಲ್ಲಿ ಸೌಂಡ್ ಸ್ವಲ್ಪ ಒಡೆದ ಹಾಗೆ ಬರಬೇಕು, ಮರಕ್ಕೆ ಇಟ್ಟಾಗ ಸರಿಹೋಗಬೇಕು. ಕೆಲವು ಹಳೇ ಕಾರ್ಬುರೇಟರಲ್ಲಿ ಸ್ಪೀಡ್ ಮಿತಿ ಮೀರದ ಹಾಗೆ ತಡೆಯೋ ಗವರ್ನರ್ ಇರುತ್ತೆ, ಅದು ಹೇಗಿದ್ರೂ ಖಾಲಿ ರೇಸಲ್ಲಿ ಒಡೆದ ಸೌಂಡೇ ಕೊಡುತ್ತೆ, ಅಂಥದ್ರಲ್ಲಿ ಕಿವಿ ನಂಬಬೇಡಿ, ಮರ ಕೊಯ್ದು ಪ್ಲಗ್ ಬಣ್ಣ ನೋಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ, ಎಥೆನಾಲ್ ನೀರು ಹೀರುತ್ತೆ, ನಮ್ಮ ಕಡೆ ಮಳೆಗಾಲದಲ್ಲಂತೂ ಕೇಳಲೇಬೇಡಿ.

ಕೊನೇದಾಗಿ ಬೋರ್ ಹೊಡೆಸೋ ವಿಷಯ. ಬೇಡ ಮಾರಾಯ್ರೇ. ಹಳೇ ಬೈಕಿನ ಸಿಲಿಂಡರ್ ಎರಕದ ಕಬ್ಬಿಣ, ಇದು ಅಲ್ಯೂಮಿನಿಯಂ, ಒಳಗೆ ಕೂದಲಿನಷ್ಟು ತೆಳ್ಳಗೆ ಕ್ರೋಮ್ ಅಥವಾ ನಿಕಾಸಿಲ್ ಅನ್ನೋ ಗಟ್ಟಿ ನಿಕಲ್ ಲೇಪ. ಲೇತಿಗೆ ಇಟ್ರೆ ಆ ಲೇಪ ಹೋಯ್ತು, ಸಿಲಿಂಡರೂ ಹೋಯ್ತು. ಅದು ಗೊತ್ತಿದ್ದೂ ದುಡ್ಡು ಇಸ್ಕೊಳ್ಳೋರು ಇದ್ದಾರೆ. ನೋಡಿದ್ರೆ ಗೀರು ಅನ್ಸೋದು ಬಹಳ ಸಲ ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿರೋದು, ಉಗುರು ಆಡಿಸಿದ್ರೆ ಉಬ್ಬಾಗಿ ತಾಗುತ್ತೆ, ಸಣ್ಣ ಎಮರಿ ಪೇಪರಲ್ಲಿ ತಾಳ್ಮೆಯಿಂದ ಉಜ್ಜಿದ್ರೆ ಬರುತ್ತೆ. ವಿಡಿಯೋ ನೋಡಿ ಬಾತ್‌ರೂಮ್ ಆಸಿಡ್ ಹಚ್ಚಬೇಡಿ, ಆ ಆಸಿಡ್ ಕ್ರೋಮನ್ನೂ ತಿನ್ನುತ್ತೆ. ಉಗುರು ಹಳ್ಳಕ್ಕೆ ಇಳಿದ್ರೆ ಮಾತ್ರ ಬೇರೆ ಸಿಲಿಂಡರ್ ಹುಡುಕಿ.

ಉಳಿದವು.

ಪೆಟ್ರೋಲಿಗೆ ಬೆರೆಸೋ 2ಟಿ (ಟೂ ಸ್ಟ್ರೋಕ್) ಆಯಿಲ್ ಜಾಸ್ತಿ ಹಾಕಿದ್ರೆ ಸೇಫ್ ಅಲ್ವಾ? ಅಲ್ಲ. ಆಯಿಲ್ ಜಾಸ್ತಿ ಆದಷ್ಟು ಅದೇ ತೂತಲ್ಲಿ ಬರೋ ಪೆಟ್ರೋಲ್ ಕಮ್ಮಿ, ಮತ್ತೆ ಲೀನ್.

ಪಾಯಿಂಟ್ (ಸ್ಪಾರ್ಕ್ ಬರೋಕೆ ಕರೆಂಟ್ ಕಡಿಯೋ ಕಾಂಟ್ಯಾಕ್ಟ್) ಗ್ಯಾಪ್ ಎಷ್ಟು? 0.4 ಮಿಲಿಮೀಟರ್ ಆಸುಪಾಸು, ಪ್ಲಗ್ಗಿಗೆ 0.5. ಸ್ಪಾರ್ಕ್ ಇಲ್ಲ ಅಂತ ಕಾಯಿಲ್ ತರೋಕೆ ಮುಂಚೆ ಪಾಯಿಂಟ್ ಒರೆಸಿ ನೋಡಿ.

ಬಾಡಿ ಹೊಳೆಯೋಕೆ ವಿನೆಗರಲ್ಲಿ, ರಸ್ಟ್ ರಿಮೂವರಲ್ಲಿ ನೆನೆಸಬಹುದಾ? ಹೆಚ್ಚಿನವುಗಳ ಕೇಸ್ ಮೆಗ್ನೀಸಿಯಂ, ಆಸಿಡ್ ಅದನ್ನ ತಿಂದು ಹಾಕುತ್ತೆ. ಸೀಮೆಎಣ್ಣೆ, ಬ್ರಷ್ ಸಾಕು. ಗ್ರೈಂಡರ್ ಹಿಡೀಲೇಬೇಡಿ, ಆ ಪುಡಿಗೆ ಬೆಂಕಿ ಹತ್ತಿದ್ರೆ ನೀರು ಹಾಕಿದಷ್ಟೂ ಜೋರಾಗುತ್ತೆ.

ಚೈನಿಗೆ ವೇಸ್ಟ್ ಇಂಜಿನ್ ಆಯಿಲ್? ಬೇಡ. ಅದು ಹಾರೋದು ನಿಮ್ಮ ಮೈ ಮೇಲೆ, ಗಿಡದ ಮೇಲೆ.

ರಿಪೇರಿ ಆದ ಮೇಲೆ 070ರಲ್ಲಿ ತೋಟದ ಕೆಲಸ ಮಾಡಿಸಬಹುದಾ? ಇದನ್ನ ಕೇಳಿರೋರು ನಾಲ್ಕೈದು ಜನ ಇದ್ದೀರಿ. ಆ ಮಿಷನ್ನಿಗೆ ಚೈನ್ ಬ್ರೇಕ್ ಇಲ್ಲ, ಬಾರ್ ತುದಿ ತಾಗಿ ಹಿಂದಕ್ಕೆ ಹಾರಿದ್ರೆ ಚೈನ್ ನಿಲ್ಲಿಸೋದು ಏನೂ ಇಲ್ಲ, ಮುಖಾನೋ ಕುತ್ತಿಗೇನೋ ಹೋಗುತ್ತೆ. ನೆಲದ ಮೇಲೆ ಬಿದ್ದ ದಿಮ್ಮಿ ಕೊಯ್ಯಿರಿ, ಅದೂ ಪಳಗಿದ ಕೈಯಾದ್ರೆ, ಕಾಲಿಗೆ ಮುಖಕ್ಕೆ ರಕ್ಷಣೆ ಹಾಕ್ಕೊಂಡು. ಕೂಲಿಯವರ ಕೈಗೆ ಕೊಟ್ಟು ಮರ ಹತ್ತಿಸೋ ಯೋಚನೆ ಇದ್ರೆ ರಿಪೇರಿನೇ ಮಾಡಬೇಡಿ, ಹಾಗೇ ಅಟ್ಟದ ಮೇಲೆ ಇಡಿ.