ತಮ್ಮನಿಗೆ ಬೈಪೋಲಾರ್ ಇದೆ, ಗುಳಿಗೆ ಬಿಟ್ಟಿದ್ದಾನೆ. ಮನೆಯವರು ಏನು ಮಾಡಬೇಕು?

ಅಕ್ಕಾ, ನಿಮ್ಮ ತಮ್ಮನಿಗೆ ಇಪ್ಪತ್ನಾಲ್ಕು ವರ್ಷ, ಹೈದರಾಬಾದಿನ ಕೆಲಸ ಬಿಟ್ಟು ಭಾಲ್ಕಿಗೆ ಬಂದಿದ್ದಾನೆ, ಡಾಕ್ಟರು ಬೈಪೋಲಾರ್ (ಮನಸ್ಸು ಕೆಲವು ದಿನ ಅತಿ ಉಮೇದಿಗೆ ಏರಿ, ಕೆಲವು ದಿನ ಖಿನ್ನತೆಗೆ ಇಳಿಯುವ ಜಡ್ಡು) ಅಂದಿದ್ದಾರೆ, ಆರಾಮ ಅನಿಸಿದ ಮೇಲೆ ಗುಳಿಗೆ ನಿಲ್ಲಿಸಿದ್ದಾನೆ ಎಂದು ಬರೆದಿದ್ದೀರಿ. ಮನೆಯವರು ಹೇಗಿರಬೇಕು, ಮತ್ತೆ ಕೆಲಸಕ್ಕೆ ಕಳಿಸಬಹುದೇ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಮ್ಮಣ್ಣನಿಗೆ ಇದೇ ಜಡ್ಡು ಇದೆ. ನಾವು ಕಲಬುರಗಿಯವರು, ಹೊಲ ಚಿತ್ತಾಪುರದ ಕಡೆ. ಅಣ್ಣನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗುಳಿಗೆಯ ಮಾತು, ಅದು ತಡ ಮಾಡುವಂಥದ್ದಲ್ಲ. ಈ ವಾರದೊಳಗೆ ಅದೇ ಡಾಕ್ಟರ ಹತ್ತಿರ ಹೋಗಿ, ಎಷ್ಟು ದಿನದಿಂದ ಬಿಟ್ಟಿದ್ದಾನೆ ಎಂಬುದನ್ನು ಮುಚ್ಚಿಡದೆ ಹೇಳಿ. ಮನೆಯಲ್ಲಿ ಉಳಿದ ಗುಳಿಗೆಯನ್ನು ಹಳೇ ಲೆಕ್ಕದಲ್ಲೇ ನೀವಾಗಿ ಶುರು ಮಾಡಿಸಬೇಡಿ, ಕೆಲವನ್ನು ಮತ್ತೆ ಕಡಿಮೆ ಪ್ರಮಾಣದಿಂದ ಏರಿಸುತ್ತಾ ಬರಬೇಕಾಗುತ್ತದೆ. ಅದು ಈ ಏರಿಳಿತ ತಡೆಯಲು ಕೊಡುವ ಲಿಥಿಯಂ ಎಂಬ ಗುಳಿಗೆ ಆಗಿದ್ದರಂತೂ ತಟ್ಟನೆ ಬಿಟ್ಟವರಿಗೆ ಉನ್ಮಾದ, ಅಂದರೆ ಆ ಏರು, ಮರಳಿ ಬರುವ ಭಯ ಹೆಚ್ಚು.

ಹೋಗುವ ಮುಂಚೆ ಯಾಕೆ ಬಿಟ್ಟೆ ಎಂದು ಕೇಳಿ, ಅವನು ಉತ್ತರ ಹೇಳುವ ತನಕ ಸುಮ್ಮನಿರಿ. ನಮ್ಮಣ್ಣ ಬಹಳ ಹೊತ್ತಾದ ಮೇಲೆ ಹೇಳಿದ್ದು: "ಕೈ ನಡುಗ್ತದ. ಚಹಾದ ಕಪ್ಪು ಹಿಡ್ಯಾಕ ಆಗಂಗಿಲ್ಲ. ಮಂದಿ ಮುಂದ ನಾಚಿಕಿ ಬರ್ತದ." ಇದನ್ನು ಡಾಕ್ಟರಿಗೆ ತಿಳಿಸಿದಾಗ ಪ್ರಮಾಣ ಬದಲಾಯಿಸಿದರು, ನಡುಕ ಕಡಿಮೆಯಾಯಿತು. ಕೆಲವರಿಗೆ ಮೈ ಬರುತ್ತದೆ, ಕೆಲವರಿಗೆ ಹಗಲೆಲ್ಲ ತೂಕಡಿಕೆ, ಇನ್ನು ಕೆಲವು ತೊಂದರೆಗಳನ್ನು ಗಂಡಸರು ಅಕ್ಕನ ಮುಂದೆ ಹೇಳುವುದಿಲ್ಲ, ಡಾಕ್ಟರ ಮುಂದೆ ಒಬ್ಬನೇ ಕೂರಲು ಬಿಡಿ. ಆ ಏರಿನ ದಿನಗಳ ಉಮೇದು ಬೇಕು ಎಂದು ಬಿಡುವವರೂ ಇದ್ದಾರೆ. ಅದಕ್ಕೆ ಅವರನ್ನು ಬೈಯಬೇಡಿ. ಮೈಯೊಳಗೆ ಅಷ್ಟು ಶಕ್ತಿ, ಅಷ್ಟು ಸಂತೋಷ ಒಮ್ಮೆ ಕಂಡವನಿಗೆ ಉಳಿದ ದಿನಗಳು ಸಪ್ಪೆ ಅನಿಸುವುದು ಸಹಜ.

ಸಾರಿನಲ್ಲೋ ಚಹಾದಲ್ಲೋ ಬೆರೆಸಿ ಕೊಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಎಷ್ಟು ಹೊಟ್ಟೆಗೆ ಹೋಯಿತು ಎಂದು ಗೊತ್ತಾಗುವುದಿಲ್ಲ, ಗೊತ್ತಾದ ದಿನ ಅವನು ನಿಮ್ಮ ಕೈಯ ಊಟವನ್ನೂ ನಂಬುವುದಿಲ್ಲ.

ಇನ್ನು ಮನೆಯವರ ನಿಜವಾದ ಕೆಲಸ ಯಾವಾಗ ಎಂದರೆ, ಅವನು ಆರಾಮ ಇದ್ದಾಗ. ಏರು ಬಂದಾಗ ನಿಮ್ಮ ಮಾತು ಅವನ ಕಿವಿಗೆ ಹೋಗುವುದಿಲ್ಲ, ಇಳಿದಾಗ ಅವನಿಗೆ ಉತ್ತರಿಸುವ ತ್ರಾಣ ಇರುವುದಿಲ್ಲ. ನಡುವಿನ ತಿಂಗಳುಗಳಲ್ಲಿ ಎಲ್ಲರೂ "ಈಗ ಛಲೋ ಅದಾನ, ಆ ಸುದ್ದಿ ಯಾಕ" ಎಂದು ಸುಮ್ಮನಾಗುತ್ತಾರೆ. ಆ ಸುದ್ದಿ ತೆಗೆಯಬೇಕಾದದ್ದು ಆಗಲೇ. ನಾವು ಅಣ್ಣನನ್ನು ಕೂರಿಸಿಕೊಂಡು ಒಂದು ಕಾಗದ ಬರೆದೆವು, ಮಾತೆಲ್ಲ ಅವನದೇ. ಮೊದಲ ಸಾಲು ಹೀಗಿದೆ: "ನಾ ಒಂದೆರಡು ರಾತ್ರಿ ನಾಕು ತಾಸಿಗಿಂತ ಕಡಿಮಿ ಮಲಗಿ, ಆದ್ರೂ ದಣಿವಿಲ್ಲ ಅಂತ ಓಡಾಡಿದ್ರ ಡಾಕ್ಟರಿಗೆ ಫೋನ್ ಹಚ್ರಿ. ನಾ ಬ್ಯಾಡಂದ್ರೂ ಹಚ್ರಿ." ಯಾವ ದವಾಖಾನೆ, ಯಾವ ಗುಳಿಗೆ ಹಿಂದೆ ಹಿಡಿಸಲಿಲ್ಲ, ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು, ಎಲ್ಲ ಇದೆ. ಅವನೊಡನೆ ಮಾತಾಡಬೇಕಾದವರು ಯಾರು ಎಂಬುದೂ ಇದೆ: ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಅಪ್ಪನ ಹೆಸರು ಬರೆಯಲಿಲ್ಲ. ಅಪ್ಪನಿಗೆ ಬೇಸರವಾಯಿತು, ಆದರೆ ಅವರು ಬಾಯಿ ತೆರೆದರೆ ಅದು ಜಗಳಕ್ಕೇ ಹೋಗುತ್ತದೆ ಎಂದು ಅವರಿಗೂ ಗೊತ್ತು.

ಕಾನೂನಿನಲ್ಲೂ ಇದಕ್ಕೆ ದಾರಿ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ತನ್ನ ಪರವಾಗಿ ನಿಲ್ಲುವ ಪ್ರತಿನಿಧಿ ಯಾರು ಎಂದು ಅವನು ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬಹುದು. ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕೂ ಇದೆ. ಸರಪಳಿ ಹಾಕುವುದನ್ನು ಇದೇ ಕಾಯ್ದೆ ನಿಷೇಧಿಸಿದೆ.

ಏರು ಬರುವುದನ್ನು ಗುರುತಿಸುವುದು ಮೊದಮೊದಲು ಕಷ್ಟ, ಯಾಕೆಂದರೆ ಆ ಯೋಚನೆಗಳು ಮೇಲ್ನೋಟಕ್ಕೆ ಸರಿಯಾಗಿಯೇ ಇರುತ್ತವೆ. ಅಣ್ಣನಿಗೆ ಬರುವುದು ದಾಲ್ ಮಿಲ್ ಹಾಕುವ ಯೋಚನೆ. ಕಲಬುರಗಿ ತೊಗರಿಯ ಊರು, ಮಿಲ್‌ಗಳು ಎಷ್ಟೋ ಇವೆ. ಹಾಗಾಗಿ ನಮ್ಮ ಕಾಕಾನೇ "ಹುಡುಗ ಬರೋಬ್ಬರಿ ಹೇಳ್ತಾನ" ಎಂದು ಅವನ ಬೆನ್ನಿಗೆ ನಿಂತರು. ನಾವು ಈಗ ಯೋಚನೆ ಸರಿಯೋ ತಪ್ಪೋ ಎಂದು ತೂಗುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಹೇಳುತ್ತಿದ್ದಾನೆಯೇ, ನಾಳೆಯೇ ಆಗಬೇಕು ಅನ್ನುತ್ತಿದ್ದಾನೆಯೇ, ನಡುವೆ ಬಾಯಿ ಹಾಕಿದರೆ ಕೆರಳುತ್ತಾನೆಯೇ ಎಂದು ನೋಡುತ್ತೇವೆ. ಆಗ ವಾದ ಮಾಡುವುದಿಲ್ಲ. "ಹೌದು, ನಾಳೆ ಡಾಕ್ಟರನ್ನ ಕಂಡು ಬಂದ ಮ್ಯಾಲ ಕೂತು ಲೆಕ್ಕ ಹಾಕೋಣ" ಎಂದು ವೈನಿ ಹೇಳುತ್ತಾರೆ. ಟಿವಿ ಆರಿಸುತ್ತೇವೆ, ಬಂದ ನೆಂಟರನ್ನು ಹೊರಗಿನ ಕೋಣೆಯಲ್ಲೇ ಮಾತಾಡಿಸಿ ಕಳಿಸುತ್ತೇವೆ. ದುಡ್ಡಿನ ವಿಷಯವೂ ಆ ಕಾಗದದಲ್ಲಿದೆ: ಫೋನಿನಿಂದ ದಿನಕ್ಕೆ ಇಷ್ಟೇ ಹಣ ಹೋಗಬೇಕು ಎಂಬ ಮಿತಿ ಅವನೇ ಇಟ್ಟುಕೊಂಡಿದ್ದಾನೆ, ಹೊಲದ ಖರೀದಿ ಪತ್ರ ನಮ್ಮಕ್ಕನ ಮನೆಯಲ್ಲಿದೆ.

ನಿದ್ದೆಯನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಈ ಜಡ್ಡಿನಲ್ಲಿ ನಿದ್ದೆಗೆಡುವುದು ಏರಿನ ಲಕ್ಷಣವೂ ಹೌದು, ಏರಿಗೆ ಕಾರಣವೂ ಹೌದು. ಮದುವೆ ಮನೆ, ರಾತ್ರಿಯಿಡೀ ಭಜನೆ, ರಾತ್ರಿ ಬಸ್ಸಿನ ಪ್ರಯಾಣ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಣ್ಣ ಶರಣಬಸವೇಶ್ವರರ ಜಾತ್ರೆ ತಪ್ಪಿಸುವುದಿಲ್ಲ. ತೇರು ನೋಡುತ್ತಾನೆ, ಹತ್ತಕ್ಕೆ ಮನೆಗೆ ಬಂದು ಮಲಗುತ್ತಾನೆ. ಅವನ ಜತೆ ನಮ್ಮಲ್ಲೊಬ್ಬರು ಬಂದುಬಿಡುತ್ತೇವೆ, ಅವನೊಬ್ಬನೇ ಎದ್ದು ಬರುವಂತಾಗಬಾರದು.

ನಮ್ಮ ಬಿಸಿಲಿನ ಬಗ್ಗೆ ವಿಶೇಷವಾಗಿ ಹೇಳಬೇಕು, ದೊಡ್ಡ ಊರಿನವರು ಬರೆದ ಸಲಹೆಗಳಲ್ಲಿ ಇದು ಕಾಣುವುದಿಲ್ಲ. ಲಿಥಿಯಂ ಒಂದು ಲವಣ, ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿ ನೀರು, ಉಪ್ಪು ಕಡಿಮೆಯಾದರೆ ಅದು ರಕ್ತದಲ್ಲೇ ಏರುತ್ತದೆ. ಹಾಗಾಗಿ ನೀರು, ಮಜ್ಜಿಗೆ ಕಮ್ಮಿಯಾಗಬಾರದು, ಬಿಪಿ ಎಂದು ಉಪ್ಪನ್ನು ಒಮ್ಮೆಲೇ ಬಿಡಬಾರದು. ವಾಂತಿ ಭೇದಿಯಾದರೆ ಮುಂದಿನ ಗುಳಿಗೆಗೆ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯವರು ಕೊಡುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಲಿಥಿಯಂ ಏರಿಸುತ್ತವೆ, ಕೇಳದೆ ನುಂಗಿಸಬೇಡಿ. ನಡುಕ ಜೋರಾಗುವುದು, ನಾಲಿಗೆ ತೊದಲುವುದು, ನಡಿಗೆ ತೂರಾಡುವುದು ಕಂಡರೆ ಅದು ವಿಷವಾಗುತ್ತಿರುವ ಗುರುತು, ಕೂಡಲೇ ದವಾಖಾನೆಗೆ ಒಯ್ಯಬೇಕು. ಲಿಥಿಯಂ ಮಟ್ಟ ನೋಡುವ ರಕ್ತ ಪರೀಕ್ಷೆಯನ್ನು ಹಿಂದಿನ ಗುಳಿಗೆ ತಗೊಂಡ 12 ಗಂಟೆಗೆ ಮಾಡಿಸಬೇಕು. ರಾತ್ರಿ ಒಂಬತ್ತಕ್ಕೆ ತಗೊಂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಗುಳಿಗೆಗೆ ಮುಂಚೆ. ಆ ಮಟ್ಟವನ್ನು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಡುತ್ತಾರೆ. ಥೈರಾಯ್ಡ್, ಕಿಡ್ನಿ ಪರೀಕ್ಷೆಯನ್ನೂ ಆಗಾಗ ಬರೆಯುತ್ತಾರೆ, ತಪ್ಪಿಸಬೇಡಿ.

ಗಾಳಿ ಸೋಕಿದೆ, ಗಾಣಗಾಪುರಕ್ಕೆ ಕರಕೊಂಡು ಹೋಗಿ ಎಂದು ನಿಮ್ಮ ಮನೆಯಲ್ಲೂ ಹಿರಿಯರು ಹೇಳಿರಬೇಕು. ನಮ್ಮವ್ವನೂ ಹೇಳಿದಳು. ನಾವು ಹೋದೆವು, ದತ್ತನ ಪಾದುಕೆಗೆ ಕೈ ಮುಗಿದೆವು, ಗುಳಿಗೆ ಚೀಲದಲ್ಲೇ ಇತ್ತು, ಹೊತ್ತಿಗೆ ಸರಿಯಾಗಿ ತಗೊಂಡ. ಅವ್ವನ ಮನಸ್ಸಿಗೆ ನೆಮ್ಮದಿಯಾದದ್ದು ಮನೆಗೆಲ್ಲ ಒಳ್ಳೆಯದೇ ಆಯಿತು. ಹೊಡೆಯುವ, ಕಟ್ಟಿ ಹಾಕುವ, ಉಪವಾಸ ಕೆಡಹುವ ಜಾಗಕ್ಕೆ ಮಾತ್ರ ಯಾರೇ ಹೇಳಿದರೂ ಕಳಿಸಬೇಡಿ.

ಇಳಿಮುಖದ ದಿನಗಳು ಹೊರಗಿನವರಿಗೆ ಶಾಂತವಾಗಿ ಕಾಣುತ್ತವೆ, ನನಗೆ ಅವೇ ಹೆಚ್ಚು ಭಯ. "ನಿನಗೇನು ಕಡಿಮಿ ಆಗ್ಯಾದ, ಎದ್ದು ಕೆಲಸ ಮಾಡು" ಎಂಬ ಮಾತು ಮನೆಯಲ್ಲಿ ಬರಲೇಬಾರದು. ಬಚ್ಚಲಿಗೆ ನೀರು ತೋಡಿಟ್ಟು ಕರೆಯುವುದು, ಒಂದು ರೊಟ್ಟಿಯಾದರೂ ಜತೆಗೆ ಕೂತು ಉಣ್ಣುವುದು, ಸಂಜೆ ಅಂಗಳದ ತನಕ ನಡೆಸುವುದು, ಇಷ್ಟೇ ಸಾಕು. ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ವಿಚಾರ ಹುಟ್ಟುವುದಿಲ್ಲ. ಬೆಳೆಗೆ ಹೊಡೆಯುವ ಎಣ್ಣಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ, ಗುಳಿಗೆ ಒಂದು ವಾರದಷ್ಟೇ ಅವನ ಕೈಯಲ್ಲಿರಲಿ. 14416 ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಪಾಯ ಅನಿಸಿದರೆ ಅವನನ್ನು ಒಬ್ಬನೇ ಬಿಡದೆ ಹತ್ತಿರದ ದವಾಖಾನೆಗೆ ಕರೆದೊಯ್ಯಿರಿ. ಮತ್ತೊಂದು, ಈ ದಿನಗಳಲ್ಲಿ ಬೇರೆ ಡಾಕ್ಟರ ಹತ್ತಿರ ಹೋದರೆ ಬೈಪೋಲಾರ್ ಎಂದು ಮೊದಲೇ ಹೇಳಿ. ಖಿನ್ನತೆಯ ಗುಳಿಗೆ ಒಂದನ್ನೇ ಕೊಟ್ಟರೆ ಕೆಲವರಿಗೆ ಅದೇ ಏರಿಗೆ ತಳ್ಳುತ್ತದೆ.

ಬೀದರ್‌ನಲ್ಲಿ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ, ಭಾಲ್ಕಿಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಪ್ರತಿ ಸಲ ಹೈದರಾಬಾದಿಗೆ ಹೋಗುವ ಖರ್ಚು ಉಳಿಯುತ್ತದೆ.

ಅವನು ನಕ್ಕರೆ ಏರು, ಸಿಟ್ಟಾದರೆ ಏರು, ಸುಮ್ಮನಿದ್ದರೆ ಇಳಿತ ಎಂದು ನೋಡಬೇಡಿ. ನಮ್ಮಣ್ಣ ಒಮ್ಮೆ ಹೇಳಿದ: "ತೊಗರಿಗಿ ರೇಟ್ ಬರಲಿಲ್ಲಂತ ನೀವೆಲ್ಲಾ ಬೈತೀರಿ. ನಾ ಬೈದ್ರ ಗುಳಿಗಿ ತಗೊಂಡಿಯೇನು ಅಂತೀರಿ." ಅವತ್ತಿನಿಂದ ಗುಳಿಗೆಯ ಮಾತು ರಾತ್ರಿ ಊಟದ ಹೊತ್ತಿಗೆ ಒಮ್ಮೆ, ವೈನಿ ಮಾತ್ರ ಕೇಳಬೇಕು ಎಂದು ಮಾಡಿಕೊಂಡೆವು. ಸದಾ ತಪ್ಪು ಎತ್ತಿ ಆಡುವ, ಅತಿಯಾಗಿ ಕಾಯುವ ಮನೆಗಳಲ್ಲಿ ಈ ಜಡ್ಡು ಬೇಗ ಮರುಕಳಿಸುತ್ತದೆ ಎಂದು ಸಂಶೋಧಕರೂ ಕಂಡಿದ್ದಾರೆ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವವರಿಗೆ ಖಡಾಖಂಡಿತವಾಗಿ ಇಲ್ಲ ಎನ್ನಿ. ಅವನು ಮದುವೆಯಾಗಬಾರದು ಎಂದಲ್ಲ, ವೈನಿಯಂಥವರು ನಮ್ಮ ಕಣ್ಣ ಮುಂದೆಯೇ ಇದ್ದಾರೆ. ಆದರೆ ವೈನಿಗೆ ನಿಶ್ಚಯಕ್ಕೆ ಮುಂಚೆಯೇ ಎಲ್ಲ ಗೊತ್ತಿತ್ತು, ಅಣ್ಣನೇ ಹೇಳಿದ್ದ. ಮುಚ್ಚಿಟ್ಟು ಒಂದು ಹುಡುಗಿಯನ್ನು ತಂದರೆ ಇಬ್ಬರ ಬಾಳೂ ಕೆಡುತ್ತದೆ.

ಕೆಲಸಕ್ಕೆ ಖಂಡಿತ ಹೋಗಲಿ, ಸ್ಥಿರವಾಗಿದ್ದಾನೆ ಎಂದು ಡಾಕ್ಟರು ಹೇಳಿದ ಮೇಲೆ. ರಾತ್ರಿ ಪಾಳಿ, ವಾರಕ್ಕೊಮ್ಮೆ ಬದಲಾಗುವ ಪಾಳಿ ಬೇಡ. ಸಂಬಳ ಕಡಿಮೆಯಾದರೂ ಹಗಲಿನ ಕೆಲಸ ಹುಡುಕಲಿ. ಹೈದರಾಬಾದಿಗೇ ಹೋಗುವುದಾದರೆ ಅಲ್ಲಿ ಒಬ್ಬ ಡಾಕ್ಟರನ್ನು ಮೊದಲೇ ಗೊತ್ತು ಮಾಡಿಕೊಂಡು, ಇಲ್ಲಿಯ ಚೀಟಿಗಳ ನಕಲು ಕೊಟ್ಟಿರಿ. ರೂಮಿನಲ್ಲಿರುವ ಒಬ್ಬ ಗೆಳೆಯನಿಗೆ ಅವನೇ ವಿಷಯ ಹೇಳಿ, ನಿಮ್ಮ ನಂಬರನ್ನು ಆ ಗೆಳೆಯನ ಫೋನಿನಲ್ಲಿ ಹಾಕಿಸಲಿ.