ಸಂಪಾದಕರ ಉತ್ತರ: ಪಕ್ಕದ ಮನೆ ಫ್ರಾಟರ್ನಿಟಿ ಆದರೆ

ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋದಿಂದ ಓದುಗರೊಬ್ಬರು ಬರೆದಿದ್ದಾರೆ. ಕ್ಯಾಲ್ ಪಾಲಿ ವಿಶ್ವವಿದ್ಯಾಲಯಕ್ಕೆ ಹತ್ತಿರದ ಅವರ ಬೀದಿಯಲ್ಲಿ ಪಕ್ಕದ ಬಾಡಿಗೆ ಮನೆ ಫ್ರಾಟರ್ನಿಟಿ (ಕಾಲೇಜು ಹುಡುಗರ ಸಂಘ) ಹುಡುಗರ ಅಡ್ಡೆಯಾಗಿದೆ. ಪೊಲೀಸರನ್ನು ಕರೆದಾಗ ಸದ್ದಡಗುತ್ತದೆ, ಮುಂದಿನ ಶನಿವಾರ ಮತ್ತೆ ಶುರು. "ಬೆಂಗಳೂರಿನಲ್ಲಿ ಪಿಜಿ ಕಾಟ ಅಂತ ಗೊಣಗುತ್ತಿದ್ದೆವು. ಇಲ್ಲಿ ಯಾರನ್ನು ಹಿಡಿಯೋದು?" ಎಂದು ಕೇಳಿದ್ದಾರೆ.

ಮಾನ್ಯರೇ,

ಪಿಜಿಯಲ್ಲಿ ಕೊನೇಪಕ್ಷ ದುಡ್ಡು ಎಣಿಸಿಕೊಳ್ಳುವ ಓನರ್ ಕೈಗೆ ಸಿಗುತ್ತಾರೆ. ನಿಮ್ಮ ಪಕ್ಕದ ಮನೆಯಲ್ಲಿ ಲೀಸ್ ಇರುವುದು ನಾಲ್ಕೈದು ಹುಡುಗರ ಹೆಸರಲ್ಲಿ, ನಡೆಯುವುದು ಇಡೀ ಸಂಘದ ಸಭೆ, ಪಾರ್ಟಿ, ಹೊಸಬರ ಭರ್ತಿ. ನೀವು ಇಲ್ಲಿಯವರೆಗೆ ದೂರಿರುವುದು ಸದ್ದಿನ ಬಗ್ಗೆ. ಸದ್ದಿನ ದಂಡ ಆ ರಾತ್ರಿಗೆ ಮುಗಿಯಿತು. ಹುಡುಗರು ಹಂಚಿಕೊಂಡು ಕಟ್ಟುತ್ತಾರೆ. ಮನೆಯ ಬಳಕೆಯ ಬಗ್ಗೆ ದೂರಿದರೆ ಅದು ಮಾಲೀಕರ ಕೊರಳಿಗೆ ಬರುತ್ತದೆ, ಬಾಡಿಗೆದಾರರು ಬದಲಾದರೂ ಬಿಡುವುದಿಲ್ಲ.

ನಿಮ್ಮ ಊರಿನ ವಲಯ ನಿಯಮ ಸ್ಪಷ್ಟವಾಗಿದೆ. ಮನೆಗಳು ವಿರಳವಾಗಿರುವ ಆರ್-1, ಆರ್-2 ವಸತಿ ವಲಯಗಳಲ್ಲಿ ಫ್ರಾಟರ್ನಿಟಿ ಮನೆಗೆ ಅವಕಾಶವೇ ಇಲ್ಲ. ಹೆಚ್ಚು ಒತ್ತೊತ್ತಾದ ಆರ್-3, ಆರ್-4ರಲ್ಲಿ ಷರತ್ತುಬದ್ಧ ಬಳಕೆ ಪರವಾನಗಿ ಬೇಕು. ಮೊದಲು ನಗರದ ವಲಯ ನಕ್ಷೆಯಲ್ಲಿ ಆ ವಿಳಾಸ ಯಾವುದರಲ್ಲಿದೆ ನೋಡಿ. ಜೊತೆಗೇ 'ಫ್ರಾಟರ್ನಿಟಿ' ಅಂದರೆ ಏನು ಎಂದು ನಿಯಮ ಹೇಳುವುದನ್ನು ಅಕ್ಷರ ಬಿಡದೆ ಓದಿ. ವಿಶ್ವವಿದ್ಯಾಲಯದ ಮಾನ್ಯತೆಯನ್ನೇ ವ್ಯಾಖ್ಯೆಗೆ ಕಟ್ಟಿಹಾಕಿದ ಕಡೆ, ಮಾನ್ಯತೆ ಕಳೆದುಕೊಂಡ ಸಂಘ ನುಸುಳಿಕೊಳ್ಳುತ್ತದೆ. ತುಂಟ ಹುಡುಗನನ್ನು ಹಾಜರಿ ಪುಸ್ತಕದಿಂದ ಕಿತ್ತು, ತರಗತಿಯಲ್ಲೇ ಕೂರಿಸಿದ ಹಾಗೆ.

ತಲೆ ಎಣಿಸುವ ದಾರಿ ಮಾತ್ರ ಹಿಡಿಯಬೇಡಿ. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ರಕ್ತಸಂಬಂಧವಿಲ್ಲದವರು ಇಬ್ಬರಿಗಿಂತ ಹೆಚ್ಚು ಒಟ್ಟಿಗಿರಬಾರದು ಎಂಬ ಊರಿನ ನಿಯಮವನ್ನು ಎತ್ತಿಹಿಡಿಯಿತು. ಅದನ್ನು ನೆಚ್ಚಿ ಕ್ಯಾಲಿಫೋರ್ನಿಯಾದಲ್ಲಿ ವಾದಿಸಿದರೆ ಸೋಲುತ್ತೀರಿ. 1980ರ ಸಾಂಟಾ ಬಾರ್ಬರಾ ವಿರುದ್ಧ ಆಡಮ್‌ಸನ್ ತೀರ್ಪಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅಂಥದ್ದೇ ಮಿತಿಯನ್ನು ಖಾಸಗಿತನದ ಹಕ್ಕಿನ ಮೇಲೆ ಹೊಡೆದುಹಾಕಿದೆ. ಎಂಟು ವಿದ್ಯಾರ್ಥಿಗಳು ಒಂದೇ ಮನೆಯಲ್ಲಿರುವುದು ತಪ್ಪಲ್ಲ, ತಪ್ಪಾಗಬೇಕೂ ಇಲ್ಲ. ಸಂಘ ಅಲ್ಲಿ ಪರವಾನಗಿಯಿಲ್ಲದೆ ನಡೆಯುವುದು ತಪ್ಪು.

ಅದನ್ನು ರುಜುವಾತು ಮಾಡುವುದರಲ್ಲೇ ಎಲ್ಲರೂ ಎಡವುವುದು. ನಗರದ ತಪಾಸಣೆಯವರು ಬರುವುದು ಕೆಲಸದ ದಿನ, ಹಗಲು ಹೊತ್ತು. ಆಗ ಅಲ್ಲಿ ಇಬ್ಬರು ಹುಡುಗರು, ಎರಡು ಸೈಕಲ್ಲು. ನೋಟಿಸ್ ಬಂದ ಮಾರನೇ ದಿನ ಗೋಡೆಯ ಮೇಲೆ ಸಂಘದ ಹೆಸರು ಸಾರುವ ಗ್ರೀಕ್ ಅಕ್ಷರ ಮಾಯ. ಕೆಲವು ಸಂಘಗಳು ಅಕ್ಕಪಕ್ಕ ಎರಡು ಮೂರು ಮನೆ ಹಿಡಿದು ಪಾರ್ಟಿಯನ್ನು ಸರದಿಯಂತೆ ತಿರುಗಿಸುತ್ತವೆ. ಆದ್ದರಿಂದ ಪ್ರತಿ ವಿಳಾಸಕ್ಕೂ ಬೇರೆ ದಾಖಲೆ ಇಡಿ: ದಿನಾಂಕ, ಗಂಟೆ, ಸುಮಾರು ಎಷ್ಟು ಜನ, ಬೀದಿಯಿಂದ ಕಾಣುವಷ್ಟರ ಫೋಟೊ, ಪೊಲೀಸ್ ಕರೆಯ ಸಂಖ್ಯೆ. ಕಿಟಕಿಯೊಳಗೆ ಕ್ಯಾಮೆರಾ ತಿರುಗಿಸಬೇಡಿ. ಭರ್ತಿ ವಾರದಲ್ಲಿ ಸಂಘವೇ ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ವೇಳಾಪಟ್ಟಿಯನ್ನು ವಿಳಾಸ ಕಾಣುವಂತೆ ಉಳಿಸಿಕೊಳ್ಳಿ. ಅಳಿಸುವುದಕ್ಕೆ ಅವರಿಗೆ ಅರ್ಧ ನಿಮಿಷ ಸಾಕು. 2022ರ ಎಬಿ 524 ಎಂಬ ರಾಜ್ಯದ ಕಾನೂನಿನಂತೆ ವಿಶ್ವವಿದ್ಯಾಲಯ ಪ್ರತಿವರ್ಷ ಈ ಸಂಘಗಳ ವರದಿ ಪ್ರಕಟಿಸಬೇಕು. ಅದರಲ್ಲಿ ಕಾರ್ಯಕ್ರಮದ ಜಾಗವಾಗಿ ನಿಮ್ಮ ಪಕ್ಕದ ವಿಳಾಸ ಸಿಕ್ಕರೆ, ಸಂಘವೇ ಬರೆದುಕೊಟ್ಟ ಸಾಕ್ಷ್ಯ ಅದು.

ಸಾರ್ವಜನಿಕ ದಾಖಲೆ ಕಾಯ್ದೆಯಡಿ ನಗರಕ್ಕೆ ಬರೆದು ಮೂರು ಕೇಳಿ: ಆ ವಿಳಾಸದ ಬಳಕೆ ಪರವಾನಗಿ, ಹಿಂದಿನ ಉಲ್ಲಂಘನೆಯ ಕಡತ, ಪೊಲೀಸ್ ಕರೆಗಳ ಪಟ್ಟಿ. ದಾಖಲೆ ಕೊಡುತ್ತಾರೋ ಇಲ್ಲವೋ ಎಂಬುದನ್ನು 10 ದಿನದಲ್ಲಿ ತಿಳಿಸಬೇಕು. ಕಾರಣ ಕೊಟ್ಟು ಇನ್ನೂ 14 ದಿನ ತೆಗೆದುಕೊಳ್ಳಬಹುದು. ಪರವಾನಗಿ ಇದ್ದರೂ ಕೈಚೆಲ್ಲಬೇಡಿ. ವಾಸಿಗಳ ಸಂಖ್ಯೆ, ಪಾರ್ಕಿಂಗ್, ಕಾರ್ಯಕ್ರಮಗಳ ಮೇಲೆ ಅದರಲ್ಲಿ ಷರತ್ತುಗಳಿರುತ್ತವೆ, ಮುರಿದರೆ ಮರುಪರಿಶೀಲನೆಗೆ ಒತ್ತಾಯಿಸಬಹುದು.

ಹಾಗೆಂದು ರಾತ್ರಿ ಕರೆ ಮಾಡುವುದನ್ನು ನಿಲ್ಲಿಸಬೇಡಿ, ಕಡತ ಬೆಳೆಯುವುದೇ ಅದರಿಂದ. 20 ಜನ ಮೀರಿದ ಗದ್ದಲವಾದರೆ ಕರೆಯುವಾಗಲೇ ಆ ಸಂಖ್ಯೆ ಹೇಳಿ. ಅದಕ್ಕೆ ಬೇರೆ ಕಲಮು ಇದೆ. ಗದ್ದಲ ರಾತ್ರಿಯದ್ದೇ ಆಗಬೇಕಿಲ್ಲ. ನಿಮ್ಮೂರಲ್ಲೇ 2015ರ ಮಾರ್ಚ್ 7ರಂದು ಗ್ಯಾರೇಜಿನ ಚಾವಣಿ ಹತ್ತಿ ಕುಣಿದವರ ಭಾರಕ್ಕೆ ಅದು ಕುಸಿದು ಹಲವರು ಗಾಯಗೊಂಡದ್ದು ಬೆಳಗಿನ ಜಾವದ ಪಾರ್ಟಿಯಲ್ಲಿ.

ಮಾಲೀಕರ ಹೆಸರು ಕೌಂಟಿಯ ಆಸ್ತಿ ದಾಖಲೆಯಲ್ಲಿ ಸಿಗುತ್ತದೆ. ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ದಿನಾಂಕಗಳ ಪಟ್ಟಿ ಕಳಿಸಿ, "ಗೊತ್ತಿರಲಿಲ್ಲ" ಎನ್ನುವ ಬಾಗಿಲು ಮುಚ್ಚುತ್ತದೆ. ಲೀಸ್ ನವೀಕರಣಕ್ಕೆ ಮೊದಲೇ ಕಳಿಸಿದರೆ ಒಳ್ಳೆಯದು. ಆಮೇಲೂ ಕದಲದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿದೆ. ವಕೀಲರಿಲ್ಲದೆ ವಾದಿಸುವ ಜಾಗ, ಒಬ್ಬರು 12,500 ಡಾಲರಿನವರೆಗೆ ಕೇಳಬಹುದು. ಬೀದಿಯ ಆರು ಮನೆಯವರು ಬೇರೆ ಬೇರೆಯಾಗಿ ದಾವೆ ಹೂಡಿದರೆ ಒಟ್ಟು ಮೊತ್ತವನ್ನು ಮಾಲೀಕರೇ ಲೆಕ್ಕ ಹಾಕಿಕೊಳ್ಳುತ್ತಾರೆ.